ನೋಡುವುದು ಮತ್ತು ನೋಡಿಕೊಳ್ಳುವುದು

ಲೋಕದಲ್ಲಿ ಕೆಲವು ವಿದ್ಯೆಗಳಿಗೆ ಗೌರವವುಂಟು. ಕೆಲವಕ್ಕೆ ಅಗತ್ಯ ಮಾತ್ರ ಉಂಟು. ಸೇತುವೆ ಕಟ್ಟುವುದನ್ನು ಕಲಿಯಲು ಮಗನೊಬ್ಬ ಕಡಲಾಚೆಗೆ ಹೊರಟರೆ ಬೀದಿಯ ಜನವೆಲ್ಲ ಬಂದು ಹಾರ ಹಾಕಿ ಕಳುಹಿಸುತ್ತಾರೆ. ಮಗಳು ಶಸ್ತ್ರವೈದ್ಯ ಕಲಿಯಲು ಹೊರಟರೆ ಅದುವರೆಗೆ ಮಾತು ಬಿಟ್ಟಿದ್ದ ನೆಂಟರೂ ಬಂದು ಬಾಗಿಲು ತಟ್ಟುತ್ತಾರೆ. ಆದರೆ ಮೂರು ವರ್ಷದ ಕೂಸು ಮರಳಿನಲ್ಲಿ ಆಡುತ್ತಿರುವಾಗ ಅದರ ಬಳಿ ಹೇಗೆ ಕುಳಿತಿರಬೇಕು ಎಂಬುದನ್ನು ಕಲಿಯಲು ಒಬ್ಬಳು ವಿಮಾನ ಹತ್ತಿದರೆ, ಅವಳಿಗೆ ಏನು ಹೇಳಿ ಬೀಳ್ಕೊಡಬೇಕೆಂಬುದೇ ಯಾರಿಗೂ ತೋಚದು. ಹೆತ್ತವಳಿಗೆ ಹಾಲು ಬಂದಷ್ಟೇ ಸಹಜವಾಗಿ ಮಕ್ಕಳನ್ನು ಸಾಕುವ ಬುದ್ಧಿಯೂ ಬರುತ್ತದೆಂದು ನಂಬಿದ ಸಮಾಜದಲ್ಲಿ, ಶುಲ್ಕ ತೆತ್ತು ಅದನ್ನು ಓದುವುದೆಂದರೆ ಉಸಿರಾಡುವುದಕ್ಕೆ ಪಾಠ ಹೇಳಿಸಿಕೊಂಡಂತೆಯೇ ಸರಿ.

ತಿರುಮಕೂಡಲು ನರಸೀಪುರದ ಸಮೀಪದ ಹಳ್ಳಿಯೊಂದರಿಂದ ಆಸ್ಟ್ರೇಲಿಯದ ಮೆಲ್ಬರ್ನ್ ನಗರಕ್ಕೆ ಹೋದ ಹುಡುಗಿಗೆ ಆದದ್ದೂ ಇದೇ. ಮೈಸೂರಿನಲ್ಲಿ ಬಿ.ಎಸ್‌ಸಿ., ಬಿ.ಎಡ್. ಮುಗಿಸಿ, ಎರಡು ವರ್ಷ ಖಾಸಗಿ ಶಾಲೆಯೊಂದರಲ್ಲಿ ದುಡಿದಿದ್ದವಳು ಅವಳು. ಹೋದದ್ದು ಶಿಶುಶಿಕ್ಷಣದಲ್ಲಿ ಎರಡು ವರ್ಷದ ಸ್ನಾತಕೋತ್ತರ ವ್ಯಾಸಂಗಕ್ಕೆ. ನಿವೃತ್ತ ಬಸ್ ಚಾಲಕರಾದ ತಂದೆ, ಮುಪ್ಪಿನಲ್ಲಿ ಮನೆ ಕಟ್ಟಿಸಬೇಕೆಂದಿದ್ದ ಸೈಟನ್ನು ಬ್ಯಾಂಕಿಗೆ ಆಧಾರವಿಟ್ಟು ಸಾಲ ತಂದರು. ಸೋದರತ್ತೆ ಮಾತ್ರ ಮನಸ್ಸಿನಲ್ಲಿದ್ದುದನ್ನು ಬಾಯಿಬಿಟ್ಟು ಆಡಿದಳು: "ಆಯಾ ಕೆಲಸ ಕಲಿಯುವುದಕ್ಕೆ ಸೈಟು ಅಡ ಇಡಬೇಕಾಗಿತ್ತೆ, ಅಣ್ಣ?"

ಈ ಮಾತಿನ ಮುಳ್ಳು ಮಗಳಿಗಿಂತ ಹೆಚ್ಚಾಗಿ ತಾಯಿಗೆ ನಾಟಿತು. ಆಕೆ 1996ರಿಂದ ಅದೇ ಹಳ್ಳಿಯ ಅಂಗನವಾಡಿ ಕಾರ್ಯಕರ್ತೆ. ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದದ್ದು 1975ರ ಅಕ್ಟೋಬರ್ 2ರಂದು. ಕರ್ನಾಟಕದಲ್ಲಿ ಅದರ ಮೊದಲ ಪ್ರಯೋಗಕ್ಕೆ ಆರಿಸಿಕೊಂಡದ್ದು ಆ ನರಸೀಪುರ ತಾಲ್ಲೂಕನ್ನೇ. ಕಾವೇರಿ ಕಪಿಲೆಯರು ಕೂಡುವ ಆ ನೆಲದಲ್ಲಿ ಅಂಗನವಾಡಿಯೆಂದರೆ ಹೊಸ ಮಾತಲ್ಲ. ಆದರೂ ಅಲ್ಲಿ ದುಡಿಯುವ ಹೆಂಗಸಿಗೆ ಸಿಗುವುದಕ್ಕೆ ಸಂಬಳವೆಂಬ ಹೆಸರಿಲ್ಲ, 'ಗೌರವಧನ'ವೆಂದು ಹೆಸರು. ಧನದ ಅಲ್ಪತೆಯನ್ನು ಗೌರವದಿಂದ ತುಂಬಿಕೊಡುವ ಉದ್ದೇಶವಿದ್ದಿರಬಹುದು. ಆ ಗೌರವ ಎಷ್ಟೆಂಬುದು ಸೋದರತ್ತೆಯ ಮಾತಿನಲ್ಲಿ ತಿಳಿದುಬಂತು.

ಮೆಲ್ಬರ್ನಿನ ತರಗತಿಗಳಲ್ಲಿ ಮೊದಲು ಕಲಿಸಿದ್ದು ಶಿಶುಗೀತೆಗಳನ್ನಲ್ಲ, ಇತಿಹಾಸವನ್ನು. ಜರ್ಮನಿಯ ಫ್ರೀಡ್ರಿಕ್ ಫ್ರೋಬೆಲ್ 1837ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಪುಟ್ಟ ಮಕ್ಕಳಿಗಾಗಿ ಒಂದು ಶಾಲೆಯನ್ನು ತೆರೆದದ್ದು, 1840ರಲ್ಲಿ ಅದಕ್ಕೆ 'ಮಕ್ಕಳ ತೋಟ' ಎಂಬ ಅರ್ಥದ ಕಿಂಡರ್‌ಗಾರ್ಟನ್ ಎಂಬ ಹೆಸರಿಟ್ಟದ್ದು, 1851ರಲ್ಲಿ ಪ್ರಷ್ಯದ ಸರ್ಕಾರ ಅಂತಹ ತೋಟಗಳನ್ನೆಲ್ಲ ನಿಷೇಧಿಸಿದ್ದು—ಇವೆಲ್ಲ ಅವಳಿಗೆ ಹೊಸತು. ಮಕ್ಕಳು ಆಡುವುದನ್ನು ಕಂಡು ಒಂದು ಸರ್ಕಾರ ಹೆದರಿಕೊಳ್ಳಬಹುದೆಂಬುದು ಅವಳಿಗೆ ಹೊಳೆದೇ ಇರಲಿಲ್ಲ. ಅದಕ್ಕಿಂತ ಅಚ್ಚರಿಯದು ಇನ್ನೊಂದಿತ್ತು. ರೋಮಿನ ಬಡವರ ಕೇರಿಯಲ್ಲಿ 1907ರಲ್ಲಿ ಮಕ್ಕಳ ಮನೆಯನ್ನು ತೆರೆದ ಮರಿಯಾ ಮಾಂಟೆಸ್ಸೊರಿ 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು ಸುಮಾರು 300 ಮಂದಿಗೆ ಶಿಕ್ಷಣ ಕೊಟ್ಟರಂತೆ. ಕೆಲವು ತಿಂಗಳಿಗೆಂದು ಬಂದ ಎಪ್ಪತ್ತರ ಹೊಸ್ತಿಲಿನ ಆ ವೃದ್ಧೆ, ಯುದ್ಧದಲ್ಲಿ ಇಟಲಿ ಶತ್ರುಪಕ್ಷವಾದ ಕಾರಣ ಹಿಂದಿರುಗಲಾಗದೆ, ಅಡ್ಯಾರಿನಲ್ಲಿಯೂ ಕೊಡೈಕನಾಲಿನಲ್ಲಿಯೂ ಇದ್ದು 1946ರವರೆಗೆ ಭಾರತದಲ್ಲಿಯೇ ಉಳಿದರಂತೆ. ಮೈಸೂರಿನಿಂದ ಒಂದು ರಾತ್ರಿಯ ರೈಲಿನಷ್ಟು ದೂರದಲ್ಲಿ ನಡೆದ ಈ ಸಂಗತಿಯನ್ನು ತಿಳಿಯಲು ಹುಡುಗಿ ಹಿಂದೂ ಮಹಾಸಾಗರವನ್ನು ದಾಟಬೇಕಾಯಿತು. ವಿದ್ಯೆಯ ದಾರಿ ಎಂದೂ ಒಂದೇ ದಿಕ್ಕಿನದಲ್ಲ.

ಇತಿಹಾಸದ ಬಳಿಕ ಕಟ್ಟಳೆಗಳು ಬಂದವು. ಆಸ್ಟ್ರೇಲಿಯದಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ 2009ರಲ್ಲಿ ಹೊರಬಂದು 2022ರಲ್ಲಿ ಪರಿಷ್ಕೃತವಾದ ಒಂದು ರಾಷ್ಟ್ರೀಯ ಪಠ್ಯಚೌಕಟ್ಟು ಇದೆ. ಅದರ ಹೆಸರನ್ನು ಕನ್ನಡಕ್ಕೆ ತಂದರೆ 'ಸೇರಿರುವುದು, ಇರುವುದು, ಆಗುವುದು' ಎಂದಾಗುತ್ತದೆ. ವೇದಾಂತದ ಗ್ರಂಥಕ್ಕೆ ಒಪ್ಪುವ ಈ ಹೆಸರನ್ನು ಹೊತ್ತ ಪುಸ್ತಕದಲ್ಲಿ ಇರುವುದು ಮಗುವಿನ ಊಟ, ನಿದ್ದೆ, ಜಗಳ ಮತ್ತು ಆಟ. ವಿಕ್ಟೋರಿಯಾ ರಾಜ್ಯದ ನಿಯಮದಂತೆ ಮೂರು ವರ್ಷದೊಳಗಿನ ನಾಲ್ಕು ಮಕ್ಕಳಿಗೆ ಒಬ್ಬರು, ಅದಕ್ಕೆ ಮೇಲ್ಪಟ್ಟ ಹನ್ನೊಂದು ಮಕ್ಕಳಿಗೆ ಒಬ್ಬರು ಇರಲೇಬೇಕು. ಹಸುಗೂಸನ್ನು ಅಂಗಾತವೇ ಮಲಗಿಸಬೇಕು. ತೊಟ್ಟಿಲಿನಲ್ಲಿ ದಿಂಬು ಕೂಡದು. ಮಗುವನ್ನು ಹೊಡೆಯುವುದು ಕಾನೂನಿಗೆ ವಿರುದ್ಧವಾದ ಅಪರಾಧ. ವಿದ್ಯಾರ್ಥಿನಿ ಒಂದು ಮಗುವಿನ ಕೈ ಹಿಡಿಯುವುದಕ್ಕೆ ಮುಂಚೆ ಅವಳ ಪೂರ್ವಚರಿತ್ರೆಯನ್ನು ಸರ್ಕಾರ ಪರಿಶೀಲಿಸಿ ಅನುಮತಿಪತ್ರ ಕೊಡಬೇಕು. ಇಷ್ಟು ಮುಗಿದ ಮೇಲೆ ಶಿಶುಕೇಂದ್ರಗಳಲ್ಲಿ ಕನಿಷ್ಠ 60 ದಿನಗಳ ಅಭ್ಯಾಸ.

ಆ ಅಭ್ಯಾಸಕ್ಕೆ ಅವಳಿಗೆ ವೇತನವಿರಲಿಲ್ಲ. ಪರದೇಶದ ವಿದ್ಯಾರ್ಥಿಗೆ ಪಾಠ ನಡೆಯುವ ದಿನಗಳಲ್ಲಿ ಎರಡು ವಾರಕ್ಕೆ 48 ಗಂಟೆಗಿಂತ ಹೆಚ್ಚು ಸಂಪಾದನೆಯ ಕೆಲಸ ಕೂಡದೆಂದು 2023ರ ಜುಲೈಯಿಂದ ನಿಯಮವಿದೆ. ಹುಡುಗಿ ರಾತ್ರಿಯ ವೇಳೆ ಒಂದು ಕಛೇರಿಯ ನೆಲ ಒರೆಸಿ, ಹಗಲು ಮಕ್ಕಳ ನಡುವೆ ಕುಳಿತು, ಮೂವರೊಡನೆ ಹಂಚಿಕೊಂಡ ಕೋಣೆಯಲ್ಲಿ ಪಾಠ ಬರೆಯುತ್ತಿದ್ದಳು. ಊರಿನಲ್ಲಿ ಬಡ್ಡಿ ಬೆಳೆಯುತ್ತಿತ್ತು. ಅಭ್ಯಾಸದಲ್ಲಿ ಅನುತ್ತೀರ್ಣಳಾದರೆ ಅದನ್ನು ಮತ್ತೆ ಮಾಡಬೇಕು. ಮತ್ತೆ ಮಾಡಬೇಕೆಂದರೆ ಮತ್ತೆ ಶುಲ್ಕ. ಅವಳ ಪಾಲಿಗೆ ಮರಳಿನ ಆಟವೆಂಬುದು ಸೈಟು ಉಳಿಯುವುದೋ ಹೋಗುವುದೋ ಎಂಬ ಪ್ರಶ್ನೆಯಾಗಿತ್ತು.

ಮೊದಲ ಪೆಟ್ಟು ಬಿದ್ದದ್ದು ಬರವಣಿಗೆಯಲ್ಲಿ. ಎರಡು ವರ್ಷದ ಗಂಡುಮಗು ನೀರಿನ ತೊಟ್ಟಿಯ ಬಳಿ ಆಡುತ್ತಿದ್ದುದನ್ನು ನೋಡಿ ವರದಿ ಬರೆಯಬೇಕಾಗಿತ್ತು. "ಮಗು ಬಹಳ ಸಂತೋಷದಿಂದ ನೀರಿನಲ್ಲಿ ಆಡಿತು" ಎಂದು ಬರೆದಳು. ಮೇಲ್ವಿಚಾರಕಿಯಾದ ಶಿಕ್ಷಕಿ ಆ ಹಾಳೆಯನ್ನು ಹಿಂದಿರುಗಿಸಿ ಕೇಳಿದಳು: "ಸಂತೋಷವನ್ನು ಎಲ್ಲಿ ಕಂಡೆ?" ಹುಡುಗಿಗೆ ಉತ್ತರ ತಿಳಿಯಲಿಲ್ಲ. ಮರುದಿನ ಮತ್ತೆ ತೊಟ್ಟಿಯ ಬಳಿ ಕುಳಿತಳು. ಮಗುವಿನ ಕೈಯಿಂದ ಬಟ್ಟಲು ಜಾರಿದಾಗ ಎತ್ತಿಕೊಡಲು ಹೋದಳು. ಶಿಕ್ಷಕಿ ದೂರದಿಂದಲೇ ಬೇಡವೆಂದು ಸನ್ನೆ ಮಾಡಿದಳು. ಸುಮ್ಮನೆ ಕುಳಿತು ನೋಡತೊಡಗಿದ ಮೇಲೆ ಕಂಡಿತು: ಮಗು ದೊಡ್ಡ ಬಟ್ಟಲಿನಿಂದ ಚಿಕ್ಕದಕ್ಕೆ ಮೂರು ಸಲ ನೀರು ಸುರಿಯಿತು, ಮೂರು ಸಲವೂ ಚೆಲ್ಲಿತು. ನಾಲ್ಕನೆಯ ಸಲ ಅರ್ಧದಲ್ಲಿಯೇ ಕೈ ತಡೆದು, ಚಿಕ್ಕ ಬಟ್ಟಲಿನ ಅಂಚನ್ನು ಬಗ್ಗಿ ನೋಡಿ, ಮತ್ತಷ್ಟು ಸುರಿದು, ತುಂಬುವ ಮುನ್ನ ನಿಲ್ಲಿಸಿತು. ಅವಳು ಎತ್ತಿಕೊಟ್ಟಿದ್ದರೆ ಆ ನಾಲ್ಕನೆಯ ಸಲ ಬರುತ್ತಲೇ ಇರಲಿಲ್ಲ. ಇಂತಹ ವರದಿಗೆ ಅಲ್ಲಿ 'ಕಲಿಕೆಯ ಕಥೆ' ಎಂಬ ಅರ್ಥದ ಹೆಸರಿದೆ. ಆ ಪದ್ಧತಿಯನ್ನು ರೂಪಿಸಿದವರು ನ್ಯೂಜಿಲೆಂಡಿನ ಮಾರ್ಗರೆಟ್ ಕಾರ್. ಕಥೆಯಲ್ಲಿ ರಾಜನಿಲ್ಲ, ರಾಣಿಯಿಲ್ಲ. ಒಂದು ಬಟ್ಟಲು ತುಂಬಿದೆ, ಅಷ್ಟೆ.

ಕನ್ನಡದಲ್ಲಿ ಮಗುವನ್ನು 'ನೋಡಿಕೊಳ್ಳುವುದು' ಎನ್ನುತ್ತಾರೆ. ಉಣಿಸುವುದು, ತೊಳೆಯುವುದು, ಮಲಗಿಸುವುದು, ಗದರಿಸುವುದು ಎಲ್ಲವೂ ಆ ಒಂದು ಮಾತಿನಲ್ಲಿ ಅಡಗಿವೆ. ಆ ಮಾತಿನ ಮೊದಲ ಅರ್ಧ 'ನೋಡುವುದು' ಎಂಬುದು ಹುಡುಗಿಗೆ ಅರಿವಾದದ್ದು ಆ ತೊಟ್ಟಿಯ ಬಳಿ.

ಎರಡನೆಯ ಪೆಟ್ಟು ಊಟದ ವೇಳೆಯಲ್ಲಿ ಬಿತ್ತು. ಹದಿನೆಂಟು ತಿಂಗಳ ಮಗುವೊಂದು ಚಮಚದಿಂದ ಅನ್ನವನ್ನು ಬಾಯಿಗಿಂತ ಹೆಚ್ಚಾಗಿ ಮಡಿಲಿಗೆ ಹಾಕಿಕೊಳ್ಳುತ್ತಿತ್ತು. ಹುಡುಗಿ ತಡೆಯಲಾರದೆ ತುತ್ತು ಮಾಡಿ ಬಾಯಿಗಿಟ್ಟಳು. ಮಗು ತಿಂದಿತು, ಶಿಕ್ಷಕಿ ಮಾತ್ರ ಆಮೇಲೆ ಕರೆದು, ಮಗು ತಾನೇ ತಿನ್ನಲು ಕಲಿಯುತ್ತಿರುವಾಗ ಆ ಅವಕಾಶವನ್ನು ಕಿತ್ತುಕೊಳ್ಳಬಾರದೆಂದು ಮೆಲ್ಲನೆ ಹೇಳಿದಳು. ಕೈತುತ್ತು ತಿಂದು ಬೆಳೆದವಳಿಗೆ ತನ್ನ ತಾಯಿಯನ್ನೇ ಬೈದಂತಾಯಿತು. ಇವರಿಗೆ ನಿಯಮವುಂಟು, ಮಮತೆಯಿಲ್ಲ ಎಂದುಕೊಂಡಳು. ರಾತ್ರಿ ಒಂಬತ್ತಕ್ಕೆ, ಎಂದರೆ ಊರಿನಲ್ಲಿ ಸಂಜೆ ನಾಲ್ಕೂವರೆಗೆ, ಅಂಗನವಾಡಿಯ ಬಾಗಿಲು ಹಾಕಿ ಬಂದಿದ್ದ ತಾಯಿಗೆ ಫೋನು ಮಾಡಿ ಅತ್ತಳು. ತಾಯಿ ತನ್ನ ಪಕ್ಷವನ್ನೇ ವಹಿಸುತ್ತಾಳೆಂಬುದರಲ್ಲಿ ಅವಳಿಗೆ ಸಂದೇಹವಿರಲಿಲ್ಲ.

ತಾಯಿ ನಕ್ಕುಬಿಟ್ಟಳು. "ನಿನಗೆ ನಾನು ತುತ್ತಿಟ್ಟದ್ದು ಮಮತೆಗೊಂದೇ ಅಲ್ಲ ಕಣೆ, ಹೊತ್ತಾಗುತ್ತಿತ್ತು. ಒಂಬತ್ತೂವರೆಗೆ ಬಾಗಿಲು ತೆಗೆಯಬೇಕು. ನೀನಾಗಿ ತಿನ್ನಲಿ ಅಂತ ಕೂತಿದ್ದರೆ ಮಧ್ಯಾಹ್ನವಾಗುತ್ತಿತ್ತು. ಅಂಗನವಾಡಿಯಲ್ಲಿ ಎಲ್ಲ ಮಕ್ಕಳೂ ತಾವೇ ತಿನ್ನುವುದಿಲ್ಲವೆ? ಮೂವತ್ತು ಬಾಯಿಗೆ ನಾನು ತುತ್ತಿಡುವುದಕ್ಕಾಗುತ್ತದೆಯೆ?"

ಪೂರ್ವಕ್ಕೂ ಪಶ್ಚಿಮಕ್ಕೂ ನಡುವೆ ಇರುವ ಭೇದವೆಂದು ಹುಡುಗಿ ಭಾವಿಸಿದ್ದು ಹೀಗೆ ಗಡಿಯಾರದ ಭೇದವಾಗಿ, ಕೈಗಳ ಲೆಕ್ಕದ ಭೇದವಾಗಿ ಕರಗಿಹೋಯಿತು. ಆ ರಾತ್ರಿ ಅವಳು ಇನ್ನೊಂದು ಪ್ರಶ್ನೆಯನ್ನೂ ಕೇಳಿದಳು. ಬಹುದಿನದಿಂದ ನಾಲಗೆಯ ತುದಿಯಲ್ಲಿದ್ದುದು ಅದು. ಅಂಗನವಾಡಿಯ ಕಿಟಕಿಯಲ್ಲಿ ಒಂದು ಬೆತ್ತವಿರುತ್ತಿತ್ತಲ್ಲ, ಅಮ್ಮ? ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಇತ್ತು" ಎಂದಳು ತಾಯಿ. "ಒಲೆಯ ಮೇಲೆ ಅನ್ನ. ಸಹಾಯಕಿ ರಜ. ಬಾಗಿಲಾಚೆ ರಸ್ತೆ. ಕೈ ಸಾಲದಿದ್ದಾಗ ಕೋಲೇ ಕೈಯಾಗುತ್ತದೆ. ಈಗ ಇಲ್ಲ. ತೆಗೆದು ಎಷ್ಟೋ ವರ್ಷವಾಯಿತು. ಆದರೆ ಆಗ ಪೆಟ್ಟು ತಿಂದವರು ಈಗ ತಮ್ಮ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಅವರ ಮುಖ ನೋಡುವಾಗ ನೆನಪಾಗುತ್ತದೆ."

ಲೆಕ್ಕದಿಂದ ಬೆತ್ತ ಅರ್ಥವಾಗುತ್ತದೆ, ಸರಿಯಾಗುವುದಿಲ್ಲ. ಇಲ್ಲಿ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ಅವರ ಮೇಲೆ ಅಡುಗೆ, ತೂಕ, ಚುಚ್ಚುಮದ್ದಿನ ದಿನ, ಗರ್ಭಿಣಿಯರ ಪಟ್ಟಿ, 2021ರಿಂದೀಚೆಗೆ ಫೋನಿನಲ್ಲಿ ತುಂಬಬೇಕಾದ ಪೋಷಣ್ ಟ್ರ್ಯಾಕರ್. ಇವೆಲ್ಲದರ ನಡುವೆ ಬಿಡುವು ದೊರೆತರೆ ಮಕ್ಕಳು. ಮೂರರಿಂದ ಆರು ವರ್ಷದ ಇಪ್ಪತ್ತು ಮಕ್ಕಳಿಗೆ ಒಬ್ಬರಿರಬೇಕೆಂದು 2013ರ ರಾಷ್ಟ್ರೀಯ ನೀತಿ ಹೇಳಿದೆ. ಮೆಲ್ಬರ್ನಿನ ಶಿಕ್ಷಕಿಗೆ ಬಟ್ಟಲನ್ನು ನಾಲ್ಕನೆಯ ಸಲದವರೆಗೆ ನೋಡುವ ತಾಳ್ಮೆ ಇದ್ದದ್ದು ಸ್ವಭಾವದಿಂದ ಮಾತ್ರವಲ್ಲ. ಉಳಿದ ಮಕ್ಕಳ ಬಳಿ ಇನ್ನೊಬ್ಬರು ಇದ್ದುದರಿಂದ.

ಹಾಗೆಂದು ಆ ದೇಶದಲ್ಲಿಯೂ ಈ ಕೆಲಸ ಸಿಂಹಾಸನದ ಮೇಲೆ ಕುಳಿತಿಲ್ಲ. ಶಿಶುಕೇಂದ್ರಗಳಲ್ಲಿ ದುಡಿಯುವವರು ವರ್ಷಗಟ್ಟಲೆ ಕೂಗಿಕೊಂಡ ಮೇಲೆ, ಸರ್ಕಾರದ ಧನಸಹಾಯದಿಂದ ಅವರ ವೇತನಕ್ಕೆ 2024ರ ಡಿಸೆಂಬರಿನಲ್ಲಿ ಶೇಕಡ 10, ಒಂದು ವರ್ಷದ ಬಳಿಕ ಇನ್ನೂ ಶೇಕಡ 5 ಸೇರಿತು. ಭಾರತದಲ್ಲಿ 2022ರ ಏಪ್ರಿಲಿನಲ್ಲಿ, ಅಂಗನವಾಡಿಯ ಕಾರ್ಯಕರ್ತೆಯರೂ ಸಹಾಯಕಿಯರೂ ಗ್ರಾಚುಯಿಟಿಗೆ ಅರ್ಹರೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತು. ಅಲ್ಲಿಯೂ ಇಲ್ಲಿಯೂ ಮಗುವನ್ನು ದೇವರೆಂದವರೇ ಅದರ ಪೂಜಾರಿಗೆ ತಟ್ಟೆಕಾಸು ಹಾಕುವುದಕ್ಕೆ ಇಷ್ಟು ಕಾಲ ತೆಗೆದುಕೊಂಡರು.

ಅಭ್ಯಾಸದಲ್ಲಿ ಹುಡುಗಿ ಉತ್ತೀರ್ಣಳಾದಳು. ಸೈಟು ಇನ್ನೂ ಬ್ಯಾಂಕಿನಲ್ಲಿಯೇ ಇದೆ. ಅಲ್ಲಿ ಕೆಲವು ವರ್ಷ ದುಡಿದು ಸಾಲ ತೀರಿಸಬೇಕೆಂದು ತಂದೆಯ ಮತ. ಆಮೇಲೆ ಅವಳು ಹಿಂದಿರುಗುವಳೋ ಇಲ್ಲವೋ ಎಂಬುದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಸೋದರತ್ತೆ ಮಾತ್ರ ತನ್ನ ಮೊಮ್ಮಗ ಊಟಕ್ಕೆ ಹಟ ಮಾಡುತ್ತಾನೆಂದೂ, ಅದಕ್ಕೇನು ಮಾಡಬೇಕೆಂದೂ ಒಮ್ಮೆ ಫೋನಿನಲ್ಲಿ ವಿಚಾರಿಸಿದಳು.

ಒಂದು ಸಂಜೆ ತಾಯಿಯೇ ಫೋನು ಮಾಡಿದಳು. ಬಟ್ಟಲಿನ ಕಥೆಯನ್ನು ಕೇಳಿದಾಗಿನಿಂದ ಅವಳಿಗೂ ಆಸೆಯಾಗಿತ್ತಂತೆ. ಆ ದಿನ ಸಹಾಯಕಿಗೆ ಹೇಳಿ, ಮೂಲೆಯಲ್ಲಿ ಐದು ನಿಮಿಷ ಸುಮ್ಮನೆ ಕುಳಿತಿದ್ದಳು. ಮೂರೇ ನಿಮಿಷಕ್ಕೆ ಯಾರೋ ತೂಕದ ಪಟ್ಟಿ ಕೇಳಿಕೊಂಡು ಬಂದರು. ಆದರೆ ಆ ಮೂರು ನಿಮಿಷದಲ್ಲಿ, ಸೇರಿ ಆರು ತಿಂಗಳಾದರೂ ಬಾಯಿ ಬಿಡದಿದ್ದ ಒಂದು ಹೆಣ್ಣುಮಗು ಕಂಡಿತು. ಮಾತು ಬಾರದ ಮಗುವೆಂದು ಅದರ ಹೆಸರಿನ ಮುಂದೆ ರಿಜಿಸ್ಟರಿನಲ್ಲಿ ಬರೆದೂ ಆಗಿತ್ತು. ಅದು ಗೋಡೆಯ ಕಡೆ ತಿರುಗಿ, ತನಗಿಂತ ಚಿಕ್ಕದೊಂದು ಕೂಸಿಗೆ, ಬೆಳಿಗ್ಗೆ ಕಲಿಸಿದ ಹಾಡನ್ನು ಮೊದಲಿಂದ ಕೊನೆಯವರೆಗೆ ಪಿಸುದನಿಯಲ್ಲಿ ಹೇಳಿಕೊಡುತ್ತಿತ್ತು.

"ರಿಜಿಸ್ಟರಿನಲ್ಲಿ ಹೊಡೆದುಹಾಕಿದೆ" ಎಂದಳು ತಾಯಿ. ಬಳಿಕ, ಇನ್ಸ್‌ಪೆಕ್ಷನ್ನಿಗೆ ಬಂದ ಮೇಲಧಿಕಾರಿಯನ್ನು ಕೇಳುವಂತೆ, ಗಂಭೀರವಾಗಿ ಕೇಳಿದಳು: "ನಾಳೆ ಯಾರನ್ನು ನೋಡಲಿ?"