ಬಂಗಾರದ ಕೋಟೆಯಲ್ಲಿ ಮೂರು ರಾತ್ರಿ

ಪ್ರವಾಸಕ್ಕೆ ಹೊರಟ ಮನುಷ್ಯನಿಗೆ ಒಂದು ವಿಚಿತ್ರವಾದ ಚಾಪಲ್ಯವುಂಟು. ತನ್ನ ಊರಿನಲ್ಲಿ ಹಳೆಯ ಮನೆಯನ್ನು ಕೆಡವಿ ಹೊಸದನ್ನು ಕಟ್ಟಿಸಿದ ಮಹನೀಯನೇ ಪರಸ್ಥಳದಲ್ಲಿ ಹಳೆಯ ಮನೆಯೊಂದರಲ್ಲಿ ತಂಗಬೇಕೆಂದು ಹಂಬಲಿಸುತ್ತಾನೆ. ಅದಕ್ಕಾಗಿ ದುಪ್ಪಟ್ಟು ಹಣವನ್ನೂ ತೆರುತ್ತಾನೆ. ಮೈಸೂರಿನ ರಾಯರು ಈ ಮಾತಿಗೆ ಹೊರತಾದವರಲ್ಲ. ತಾತನ ಕಾಲದ ತೊಟ್ಟಿಮನೆಯನ್ನು ಕೆಡವಿಸಿ, ಆಕಾಶ ಕಾಣುತ್ತಿದ್ದ ಅಂಗಳಕ್ಕೆ ತಾರಸಿ ಹಾಕಿಸಿದವರು ಅವರೇ. ಉಪಾಧ್ಯಾಯ ವೃತ್ತಿಯಿಂದ ನಿವೃತ್ತರಾಗಿ ಮಡದಿಯೊಡನೆ ಜೈಸಲ್ಮೇರಿಗೆ ಹೊರಟಾಗ, "ಇಳಿದುಕೊಂಡರೆ ಕೋಟೆಯೊಳಗೇ" ಎಂದು ಹಟ ಹಿಡಿದವರೂ ಅವರೇ.

ಹಟಕ್ಕೆ ಕಾರಣವಿಲ್ಲದಿರಲಿಲ್ಲ. 1156ರಲ್ಲಿ ರಾವಲ್ ಜೈಸಲನು ಥಾರ್ ಮರುಭೂಮಿಯ ನಡುವಿನ ತ್ರಿಕೂಟವೆಂಬ ಗುಡ್ಡದ ಮೇಲೆ ಕಟ್ಟಿಸಿದ ಆ ಕೋಟೆ ಬರಿಯ ಪಾಳುಗೋಡೆಯಲ್ಲ. 99 ಕೊತ್ತಳಗಳ ಒಳಗೆ ಇಂದಿಗೂ ಸಾವಿರಾರು ಜನ ಒಲೆ ಹೊತ್ತಿಸಿ ಸಂಸಾರ ನಡೆಸುತ್ತಾರೆ. ಹಳದಿ ಮರಳುಗಲ್ಲಿನ ಆ ಗೋಡೆಗಳು ಸಂಜೆಯ ಬಿಸಿಲಿಗೆ ಬಂಗಾರವಾಗುತ್ತವೆ. ಸತ್ಯಜಿತ್ ರಾಯರ 'ಸೋನಾರ್ ಕೆಲ್ಲಾ' ಚಿತ್ರವು 1974ರಲ್ಲಿ ತೆರೆ ಕಂಡ ಮೇಲೆ ಆ ಬಂಗಾರವನ್ನು ನೋಡಬಂದವರಿಗೆ ಲೆಕ್ಕವಿಲ್ಲ. ಬಂದವರಿಗೆ ತಂಗಲು ಸ್ಥಳ ಬೇಡವೆ? ಹಳೆಯ ಮನೆಗಳು ಒಂದೊಂದಾಗಿ ಹೋಟೆಲುಗಳಾದುವು.

ರಾಯರಿಗೆ ದೊರೆತದ್ದು ಅಂಥ ಜೀರ್ಣೋದ್ಧಾರಗೊಂಡ ಮನೆ. ಬಾಡಿಗೆ ಕೇಳಿ ಅವರ ಮುಖ ಸಣ್ಣಗಾಯಿತು. ಮೂರು ರಾತ್ರಿಯ ಹಣವನ್ನು ಮುಂಗಡವಾಗಿ ಎಣಿಸಿಕೊಡುವಾಗ ಬೆರಳುಗಳು ನಡುಗಿದುವು. ಆದರೆ ಒಳಗೆ ಕಾಲಿಟ್ಟೊಡನೆ ಅವರು ಮೂಕರಾದರು. ನಡುವೆ ಆಕಾಶಕ್ಕೆ ತೆರೆದ ಅಂಗಳ, ಸುತ್ತ ಕೋಣೆಗಳು, ಜಾಲಂಧ್ರದ ಕಲ್ಲಿನಿಂದ ಸೋಸಿ ಬರುವ ತಂಗಾಳಿ. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕಚ್ಚಿಸಿ ಕಟ್ಟಿದ ದಪ್ಪ ಗೋಡೆಗಳು ಹೊರಗಿನ ಬೇಗೆಯನ್ನು ಬಾಗಿಲಲ್ಲೇ ನಿಲ್ಲಿಸಿದ್ದುವು.

"ಅಲ್ಲಾಂದ್ರೆ, ಇದು ನಮ್ಮ ತೊಟ್ಟಿಮನೆಯೇ ಅಲ್ಲವೇನ್ರೀ?" ಎಂದರು ಮಡದಿ. ರಾಯರು ಉತ್ತರ ಕೊಡಲಿಲ್ಲ.

ರಾತ್ರಿಯ ಊಟಕ್ಕೆ ಸಜ್ಜೆರೊಟ್ಟಿ, ಜೊತೆಗೆ ಕೇರ್-ಸಾಂಗ್ರಿಯ ಪಲ್ಯ. ಸಾಂಗ್ರಿಯೆಂದರೆ ಖೇಜ್ಡಿ ಮರದ ಒಣಗಿಸಿದ ಕಾಯಿ. ಖೇಜ್ಡಿಯೆಂದರೆ ದಸರೆಯಲ್ಲಿ ಮೈಸೂರು ಪೂಜಿಸುವ ಬನ್ನಿಯೇ. ಪೂಜೆಗೆ ಮಾತ್ರ ಬಲ್ಲ ಮರ ಇಲ್ಲಿ ಬರಗಾಲದಲ್ಲಿ ಪ್ರಾಣ ಕಾಯುವ ಆಹಾರವೆಂದು ತಿಳಿದು ರಾಯರು ಎರಡನೆಯ ಬಾರಿ ಬಡಿಸಿಕೊಂಡರು.

ಮಾರನೆಯ ದಿನ ಊರೆಲ್ಲ ಸುತ್ತಿ ಧೂಳು ಮೆತ್ತಿಕೊಂಡು ಬಂದವರು ಎರಡೆರಡು ಬಾರಿ ಧಾರಾಳವಾಗಿ ಸ್ನಾನ ಮಾಡಿದರು. ಸಂಜೆ ಮನೆಯ ಯಜಮಾನರಾದ ವೃದ್ಧರು ಮಾತಿಗೆ ಕುಳಿತರು. ರಾಯರು ಎಂದೋ ತೇರ್ಗಡೆಯಾಗಿದ್ದ ಹಿಂದೀ ಪರೀಕ್ಷೆ ಅಂದು ಉಪಯೋಗಕ್ಕೆ ಬಂತು. ವೃದ್ಧರು ಅವರನ್ನು ಹಿಂಬದಿಯ ಕೋಣೆಗೆ ಕರೆದೊಯ್ದು ಗೋಡೆಯನ್ನು ತೋರಿಸಿದರು. ಸೂರಿನಿಂದ ನೆಲದವರೆಗೆ ಬಿರುಕು. ಒಂದೆಡೆ ಬೆರಳು ತೂರುವಷ್ಟು ಅಗಲ.

"ಹಳೆಯದಾಯಿತಲ್ಲ," ಎಂದರು ರಾಯರು, ಸಮಾಧಾನ ಹೇಳುವಂತೆ.

"ಹಳೆಯದಾದುದರಿಂದಲ್ಲ ಸಾಹೇಬರೆ, ನೀರಿನಿಂದ," ಎಂದರು ವೃದ್ಧರು.

ಅವರು ವಿವರಿಸಿದ ಸಂಗತಿ ಸರಳವಾದುದು. ಈ ನಾಡಿನಲ್ಲಿ ಮಳೆಯೆಂಬುದೇ ಅಪರೂಪ. ಹಿಂದೆ ಹೆಂಗಸರು ಕೆಳಗಿನ ಗಡೀಸರ್ ಕೆರೆಯಿಂದ ತಲೆಯ ಮೇಲೆ ಕೊಡ ಹೊತ್ತು ತರುತ್ತಿದ್ದರು. ಹೊತ್ತು ತಂದ ನೀರನ್ನು ಯಾರು ಚೆಲ್ಲುತ್ತಾರೆ? ಕೋಟೆಯನ್ನು ಕಟ್ಟಿದ್ದು ಅಂಥ ಬಾಳಿಗಾಗಿ. ನಲ್ಲಿಗಳು ಬಂದುವು, ಪ್ರವಾಸಿಗಳು ಬಂದರು, ಕೋಣೆಗೊಂದು ಸ್ನಾನಗೃಹ ಬಂತು. ಸೋರಿದ ನೀರು ಗುಡ್ಡದೊಳಕ್ಕೆ ಇಳಿಯಿತು. ಗುಡ್ಡವಾದರೋ ಒಂದೇ ಬಂಡೆಯಲ್ಲ. ಮರಳುಗಲ್ಲಿನ ನಡುವೆ ಜೇಡಿಯ ಪದರಗಳಿವೆ. ನೀರುಂಡ ಜೇಡಿ ಸಡಿಲವಾದರೆ ಮೇಲಿನ ಗೋಡೆ ಎಷ್ಟು ಗಟ್ಟಿಯಿದ್ದರೇನು? ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಎಂಬ ಸಂಸ್ಥೆಯು 1996ರಲ್ಲೇ ಈ ಕೋಟೆಯನ್ನು ಅಪಾಯದ ಪಟ್ಟಿಗೆ ಸೇರಿಸಿತು. 2013ರಲ್ಲಿ ಯುನೆಸ್ಕೋ ಇದನ್ನು ರಾಜಸ್ಥಾನದ ಇತರ ಐದು ಗಿರಿದುರ್ಗಗಳೊಡನೆ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿ ಗೌರವಿಸಿತು. ಗೌರವದಿಂದ ಬಿರುಕು ಕೂಡುವುದುಂಟೆ?

"ಹಾಗಾದರೆ ಅತಿಥಿಗಳನ್ನು ಬೇಡವೆನ್ನಬಾರದೆ?" ಎಂದು ರಾಯರು ಕೇಳಿದರು.

ವೃದ್ಧರು ನಕ್ಕರು. "ನೀವು ಕೊಟ್ಟ ಹಣದಿಂದಲೇ ಈ ಗೋಡೆಗೆ ಆಸರೆ ಕೊಡಬೇಕು. ನೀವು ಬಂದರೆ ಕೋಟೆಗೆ ಕಷ್ಟ. ಬಾರದಿದ್ದರೆ ಮನೆಗೆ ಕಷ್ಟ."

ಆ ರಾತ್ರಿ ರಾಯರಿಗೆ ನಿದ್ರೆ ಹತ್ತಲಿಲ್ಲ. ಸ್ನಾನಗೃಹದ ನಲ್ಲಿಯೊಂದು ತೊಟ್ಟಿಕ್ಕುತ್ತಿತ್ತು. ಎದ್ದು ಬಿಗಿಯಾಗಿ ತಿರುಗಿಸಿ ಬಂದರು. ಹನಿ ನಿಂತರೂ ಸದ್ದು ಕಿವಿಯಲ್ಲಿ ನಿಲ್ಲಲಿಲ್ಲ.

ಬೆಳಿಗ್ಗೆ ಮಡದಿ ಮಾತಾಡದೆ ಪೆಟ್ಟಿಗೆಗೆ ಬಟ್ಟೆ ತುಂಬತೊಡಗಿದರು. "ಇನ್ನೊಂದು ರಾತ್ರಿ ಕೆಳಗಿನ ಊರಿನಲ್ಲಿ ಕಳೆದರಾಯಿತು. ಆದರೆ ದುಡ್ಡು ವಾಪಸು ಕೇಳಬೇಡಿ," ಎಂದರು.

ಸೊಪ್ಪಿನ ಕಟ್ಟಿಗೂ ಚೌಕಾಸಿ ಮಾಡುವ ರಾಯರು ತುಟಿ ಎರಡು ಮಾಡಲಿಲ್ಲ. ಅತಿಥಿಗಳ ಪುಸ್ತಕದಲ್ಲಿ ಸಹಿ ಹಾಕಿ, ವೃದ್ಧರಿಗೆ ಕೈ ಮುಗಿದು ಗುಡ್ಡವಿಳಿದರು.

ಅಂದು ಸಂಜೆ ಕೆಳಗಿನ ಸಾಧಾರಣ ಹೋಟೆಲೊಂದರ ಮಹಡಿಯಿಂದ ದಂಪತಿಗಳು ಕೋಟೆಯನ್ನು ನೋಡುತ್ತ ನಿಂತರು. ಬಂಗಾರ ಕರಗಿ ತಾಮ್ರವಾಯಿತು, ತಾಮ್ರ ಕತ್ತಲೆಯಾಯಿತು. ಕಿಟಕಿಗಳಲ್ಲಿ ದೀಪಗಳು ಹೊತ್ತಿಕೊಂಡುವು. ಒಂದು ಕಿಟಕಿ ಮಾತ್ರ ಕತ್ತಲೆಯಲ್ಲೇ ಉಳಿಯಿತು.

"ಅದೇ ನಮ್ಮ ಕೋಣೆ," ಎಂದರು ಮಡದಿ.

"ಹೌದು, ಈ ರಾತ್ರಿ ಅಲ್ಲಿ ನೀರು ಬಿಡುವವರು ಯಾರೂ ಇಲ್ಲ," ಎಂದರು ರಾಯರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ತಾತನ ಅಂಗಳವನ್ನು ಮುಚ್ಚಿಸಬಾರದಾಗಿತ್ತು ಕಣೇ," ಎಂದರು.