ಕುಬಸಕ್ಕೂ ಮೊದಲು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯಲ್ಲಿ ಮನೆಮಗಳು ಬಸಿರಾದ ಸುದ್ದಿ ಊರಿಗೆಲ್ಲ ತಿಳಿಯುವುದು ಕುಬಸದ ದಿನ. ಐದನೆಯದೋ ಏಳನೆಯದೋ ತಿಂಗಳಿನಲ್ಲಿ ತವರಿನವರು ಹಸಿರು ಸೀರೆ, ಕುಬಸ, ಬಳೆ, ಬುತ್ತಿಯೊಂದಿಗೆ ಬರುತ್ತಾರೆ. ಅಲ್ಲಿಯವರೆಗೆ, ವಿಶೇಷವಾಗಿ ಮೊದಲ ಮೂರು ತಿಂಗಳು, ದೃಷ್ಟಿ ತಾಕೀತೆಂಬ ಭಯದಿಂದ ವಿಷಯವನ್ನು ಗುಟ್ಟಾಗಿಡುವ ಮನೆಗಳು ಬಹಳ. ಈ ತಾಲೂಕುಗಳಲ್ಲಿ ಬಹುಕಾಲ ಶಿಕ್ಷಕಿಯಾಗಿದ್ದ ನನಗೆ ಕುಬಸದ ಸಂಭ್ರಮ ಬಲು ಪ್ರಿಯ. ಆದರೆ ನಾವು ಮುಚ್ಚಿಡುವ ಆ ಮೂರು ತಿಂಗಳುಗಳಲ್ಲಿಯೇ ಗರ್ಭಿಣಿಯ ದೇಹದಲ್ಲಿ ಅತಿ ಮಹತ್ತರವಾದ ಕಾರ್ಯ ನಡೆದಿರುತ್ತದೆ.

ಆ ಕಾರ್ಯವನ್ನು ನಡೆಸುವವು ಹಾರ್ಮೋನುಗಳು; ಒಂದು ಅಂಗವು ರಕ್ತದ ಮೂಲಕ ಇನ್ನೊಂದಕ್ಕೆ ಕಳುಹಿಸುವ ಸಂದೇಶಗಳು. ಭ್ರೂಣವು ಗರ್ಭಕೋಶಕ್ಕೆ ಅಂಟಿಕೊಂಡೊಡನೆ ಎಚ್‌ಸಿಜಿ ಎಂಬ ಹಾರ್ಮೋನು ಹೊರಡುತ್ತದೆ. ಆಶಾ ಕಾರ್ಯಕರ್ತೆ ತರುವ ಪರೀಕ್ಷಾ ಪಟ್ಟಿಯಲ್ಲಿ ಗೆರೆ ಮೂಡಿಸುವುದು ಅದೇ. ಪ್ರೊಜೆಸ್ಟರಾನ್ ಸ್ರವಿಸುವುದನ್ನು ನಿಲ್ಲಿಸದಂತೆ ಅದು ಅಂಡಾಶಯಕ್ಕೆ ತಿಳಿಸುತ್ತದೆ. ನಿಂತರೆ ಗರ್ಭಕೋಶದ ಒಳಪದರ ಕಳಚಿ ಹೋಗುತ್ತದೆ. ಎಂಟು-ಹತ್ತು ವಾರಗಳ ಹೊತ್ತಿಗೆ ಮಾಸು ಆ ಹೊಣೆಯನ್ನು ತಾನೇ ಹೊರುತ್ತದೆ.

ಈ ದಿನಗಳ ವಾಂತಿ, ಓಕರಿಕೆಗಳನ್ನು ಕಂಡು "ನಾವೇನು ಹಡೆದಿಲ್ಲೇನು?" ಎನ್ನುವ ಹಿರಿಯರುಂಟು. ಆದರೆ 2023ರಲ್ಲಿ ಪ್ರಕಟವಾದ ಸಂಶೋಧನೆಯು, ಭ್ರೂಣ ಮತ್ತು ಮಾಸಿನಿಂದ ಬರುವ ಜಿಡಿಎಫ್15 ಎಂಬ ಹಾರ್ಮೋನೇ ಇದಕ್ಕೆ ಮುಖ್ಯ ಕಾರಣವೆಂದೂ, ಬಸಿರಿಗೆ ಮೊದಲು ದೇಹದಲ್ಲಿ ಅದು ಕಡಿಮೆಯಿದ್ದವರಿಗೆ ಬಾಧೆ ಹೆಚ್ಚೆಂದೂ ತೋರಿಸಿತು. ಅದು ಸೋಗಲ್ಲ, ಸೋಮಾರಿತನವೂ ಅಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಥೈರಾಯ್ಡ್ ಹಾರ್ಮೋನಿನ ವಿಚಾರ. ಮುದ್ದೇಬಿಹಾಳದ ಕಡೆಗೆ ಕೊಟ್ಟ ನನ್ನ ತಂಗಿಯ ಮಗಳು ಮದುವೆಗೆ ಮೊದಲಿನಿಂದಲೂ ಥೈರಾಯ್ಡ್ ಗುಳಿಗೆ ನುಂಗುತ್ತಿದ್ದಳು. ಬಸಿರಾದಳೆಂದು ತಿಳಿದೊಡನೆ ಅವಳ ಅತ್ತೆ, ಪ್ರೀತಿಯಿಂದಲೇ, "ಹೊಟ್ಟೆಯೊಳಗಿನ ಕೂಸಿಗೆ ಉಷ್ಣ ಆದೀತು, ಬಿಡವ್ವಾ" ಎಂದರು. ಅವಳು ಬಿಟ್ಟಳು. ಗರ್ಭಸ್ಥ ಶಿಶುವಿನ ಥೈರಾಯ್ಡ್ ಗ್ರಂಥಿ ಸುಮಾರು ಹನ್ನೆರಡು ವಾರಗಳವರೆಗೆ ಹಾರ್ಮೋನನ್ನು ಉತ್ಪಾದಿಸಲಾರದು. ಅಲ್ಲಿಯವರೆಗೆ ಮಗುವಿನ ಮಿದುಳು ರೂಪುಗೊಳ್ಳುವುದು ತಾಯಿಯ ಹಾರ್ಮೋನಿನ ಬಲದಿಂದ. ಹೀಗಾಗಿ ಗುಳಿಗೆಯನ್ನು ಬಿಡುವುದಿರಲಿ, ಅನೇಕರಿಗೆ ಅದರ ಪ್ರಮಾಣವನ್ನು ಬೇಗನೆ ಹೆಚ್ಚಿಸಬೇಕಾಗುತ್ತದೆ. ಎರಡು ವಾರಗಳ ತರುವಾಯ ಅವಳೇ ನನಗೆ ಫೋನು ಮಾಡಿ ಕೇಳಿದಳು. ಮರುದಿನವೇ ವೈದ್ಯರಲ್ಲಿಗೆ ಹೋದೆವು. ರಕ್ತಪರೀಕ್ಷೆಯಾಯಿತು, ಗುಳಿಗೆಯ ಪ್ರಮಾಣ ಏರಿತು. ಅತ್ತೆಯೂ ಜೊತೆಗೆ ಬಂದಿದ್ದರು. ಎಲ್ಲವನ್ನೂ ಕೇಳಿಸಿಕೊಂಡು, "ನಮಗ ಇದನ್ನ ಯಾರು ಹೇಳಿದ್ದರು?" ಎಂದರು. ಆ ಪ್ರಶ್ನೆ ನ್ಯಾಯವಾದದ್ದು.

ಈ ಹಾರ್ಮೋನು ತಯಾರಾಗಲು ಅಯೋಡಿನ್ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಗರ್ಭಿಣಿಗೆ ದಿನಕ್ಕೆ 250 ಮೈಕ್ರೋಗ್ರಾಂ. ಇತರ ವಯಸ್ಕರಿಗೆ 150. ಸಮುದ್ರದಿಂದ ದೂರವಿರುವ ನಮ್ಮ ರೊಟ್ಟಿ-ಬೇಳೆಯ ಊಟದಲ್ಲಿ ಅದು ದೊರೆಯುವುದು ಬಹುಮಟ್ಟಿಗೆ ಉಪ್ಪಿನಿಂದ. ಸಂತೆಯಲ್ಲಿ ಬಿಡಿಯಾಗಿ ಸಿಗುವ ಹರಳುಪ್ಪಿನಲ್ಲಿ ಅಯೋಡಿನ್ ಇಲ್ಲದಿರಬಹುದು. ಪೊಟ್ಟಣದ ಮೇಲಿನ ಬರಹವನ್ನು ಓದಿ ಕೊಳ್ಳುವುದು ಲೇಸು.

ಮಾಸು ಸ್ರವಿಸುವ ಹಾರ್ಮೋನುಗಳು ತಾಯಿಯ ಇನ್ಸುಲಿನ್ನಿನ ಪ್ರಭಾವವನ್ನು ತಗ್ಗಿಸಿ ಮಗುವಿಗಾಗಿ ಸಕ್ಕರೆಯನ್ನು ಉಳಿಸುತ್ತವೆ. ಕೆಲವರಲ್ಲಿ ಅದು ಮಿತಿಮೀರಿ ಗರ್ಭಕಾಲದ ಮಧುಮೇಹವಾಗುತ್ತದೆ. 75 ಗ್ರಾಂ ಗ್ಲುಕೋಸ್ ಕುಡಿಸಿ ಎರಡು ಗಂಟೆಗಳ ನಂತರ ರಕ್ತ ನೋಡುತ್ತಾರೆ, 140 ಮಿ.ಗ್ರಾಂ. ಅಥವಾ ಅದಕ್ಕೂ ಹೆಚ್ಚಿದ್ದರೆ ಚಿಕಿತ್ಸೆ ಆರಂಭ. ಈ ಪರೀಕ್ಷೆಗೆ ಬರಿಹೊಟ್ಟೆಯಲ್ಲಿ ಬರಬೇಕೆಂದಿಲ್ಲ. ಮೊದಲ ಭೇಟಿಯಲ್ಲೊಮ್ಮೆ, 24ರಿಂದ 28ನೆಯ ವಾರದೊಳಗೆ ಮತ್ತೊಮ್ಮೆ ಮಾಡಿಸಬೇಕು.

ಇನ್ನೊಂದು ಸಣ್ಣ ಮಾತು. ಥೈರಾಯ್ಡ್ ಗುಳಿಗೆಯನ್ನು ಕಬ್ಬಿಣಾಂಶದ, ಕ್ಯಾಲ್ಸಿಯಂ ಗುಳಿಗೆಗಳೊಂದಿಗೆ ನುಂಗಿದರೆ ಅದು ದೇಹಕ್ಕೆ ಸರಿಯಾಗಿ ಹತ್ತುವುದಿಲ್ಲ. ನಾಲ್ಕು ಗಂಟೆಗಳ ಅಂತರ ಬೇಕು. ದುಡಿಯಲೆಂದು ಮಹಾರಾಷ್ಟ್ರ, ಗೋವಾಗಳಿಗೆ ಹೋಗುವ ನಮ್ಮ ಹೆಣ್ಣುಮಕ್ಕಳು ನಸುಕಿನಲ್ಲಿಯೇ ಕೆಲಸಕ್ಕೆ ಹೊರಡುತ್ತಾರೆ. ಮೂರನ್ನೂ ಒಮ್ಮೆಗೇ ನುಂಗಿ ಹೋಗುವುದು ಅವರಿಗೆ ಸುಲಭ. ಎದ್ದ ಕೂಡಲೇ ಬರಿಹೊಟ್ಟೆಯಲ್ಲಿ ಥೈರಾಯ್ಡ್ ಗುಳಿಗೆ, ಉಳಿದೆರಡನ್ನು ಮಧ್ಯಾಹ್ನಕ್ಕೊಂದು, ರಾತ್ರಿಗೊಂದು ಎಂದು ತಾಯಿ ಕಾರ್ಡಿನ ಮೇಲೆಯೇ ಬರೆದುಕೊಟ್ಟರೆ, ಅದು ಅವರೊಂದಿಗೆ ಅಲ್ಲಿಗೂ ಹೋಗುತ್ತದೆ.