ಅಪ್ಪನ ಸ್ಕ್ಯಾನ್: ಭಾಗ 3

ಟಿಬಿ ಅಂದ್ರೆ ಕೆಮ್ಮು, ಎದೆ ಎಕ್ಸ್‌ರೇ ಅಂತ ತಾನೇ ನಿಮಗೂ ಗೊತ್ತಿರೋದು? ಅಪ್ಪನಿಗೆ ಕೆಮ್ಮೇ ಇರಲಿಲ್ಲ. ಸಂಜೆಯಾದ್ರೆ ಜ್ವರ, ಊಟ ಸೇರ್ತಿರಲಿಲ್ಲ, ಪ್ಯಾಂಟೆಲ್ಲ ಸಡಿಲ. ಸಿಟಿ ಮಾಡಿಸಿದ್ವಿ. ಕಾಂಟ್ರಾಸ್ಟ್ ಚುಚ್ಚಿದಾಗ ಮೈಯೆಲ್ಲಾ ಬಿಸಿಯಾಯ್ತಂತೆ. ಫಿಲ್ಮ್‌ನಲ್ಲಿ ಲಿವರ್ ತುಂಬಾ ಕಪ್ಪು ಚುಕ್ಕೆಗಳು, ಅಂಚು ಮಾತ್ರ ಬೆಳ್ಳಗೆ. ರಿಪೋರ್ಟ್‌ನಲ್ಲಿ ‘ಮೆಟಾಸ್ಟಾಸಿಸ್?’ ಅಂತಿತ್ತು. ಆಸ್ಪತ್ರೆ ಮೆಟ್ಟಿಲ ಮೇಲೆ ಕೂತು ಗೂಗಲ್ ಮಾಡಿದೆ. ಅಮ್ಮನಿಗೆ ಹೇಳಲಿಲ್ಲ.

ಕ್ಯಾನ್ಸರ್, ಕೀವುಗಡ್ಡೆ, ಟಿಬಿ ಮೂರೂ ಸಿಟಿಯಲ್ಲಿ ಹೀಗೇ ಕಾಣಬಹುದು ಅಂದ್ರು ಡಾಕ್ಟರ್. ಸೂಜಿ ಎಲ್ಲಿ ಹಾಕ್ಬೇಕು ಅಂತ ಸಿಟಿ ತೋರಿಸುತ್ತೆ, ಅದು ಏನು ಅಂತ ಬಯಾಪ್ಸಿನೇ ಹೇಳ್ಬೇಕು. ಗ್ರಾನುಲೋಮಾ ಸಿಕ್ತು, ಜೀನ್‌ಎಕ್ಸ್‌ಪರ್ಟ್ ಟೆಸ್ಟ್‌ನಲ್ಲಿ ಟಿಬಿ. ಟಿಬಿ ಅಂತ ಕೇಳಿ ಖುಷಿಯಿಂದ ಅತ್ತಿದ್ದು ನಾವೊಬ್ರೇ ಇರ್ಬೇಕು! ಮಾತ್ರೆ ಸರ್ಕಾರದ್ದೇ, ಫ್ರೀ. ಇವತ್ತಿಗೆ 41ನೇ ದಿನ. ನಿನ್ನೆ ರಾತ್ರಿ ಅಪ್ಪ ಎರಡನೇ ಮುದ್ದೆ ಕೇಳಿದ್ರು.